ಹಸಿವು ಹುಡುಕುತ್ತಿದ್ದ ಡಾಕ್ಟರರೂ ನನ್ನ ಅತ್ತೆಯೂ

ಇಲಿಗಳಿಗೆ ಊಟ ಬಡಿಸುವ ಕೆಲಸದಲ್ಲಿದ್ದವರಿಗೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ದಿನಕ್ಕೊಂದರಂತೆ ತಾವಾಗಿಯೇ ಬರುತ್ತವೆ. ಅವುಗಳಲ್ಲಿ ಕೆಲವನ್ನು ಬರೆಯಲು ಕುಳಿತಿದ್ದೇನೆ. ಆದರೆ ಮೊದಲು ಒಂದು ಅರಿಕೆ. ನಾನು ಕಾಪುವಿನ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಕಲಿತವಳು. ನನ್ನ ಅಕ್ಷರ ಚೆಂದವಿಲ್ಲ, ಸಾಲು ನೆಟ್ಟಗೆ ಹೋಗುವುದಿಲ್ಲ, ಮಾತಂತೂ ಹುಟ್ಟಿನಿಂದಲೇ ಕಡಿಮೆ. ಅಂಗಡಿಯಲ್ಲಿ ಬೆಲ್ಲ ಕೇಳುವುದಕ್ಕೂ ಉಳಿದವರೆಲ್ಲ ಹೋಗಲಿ ಎಂದು ಕಾಯುವ ಜಾತಿ ನನ್ನದು. ನಮ್ಮ ಮನೆಮಾತು ತುಳು. ಅತ್ತೆಯವರ ಮಾತುಗಳನ್ನು ನನಗೆ ತಿಳಿದ ಕನ್ನಡಕ್ಕೆ ತಂದಿದ್ದೇನೆ. ಅವರ ಬಾಯಲ್ಲಿ ಇದ್ದ ಖಾರ ನನ್ನ ಕೈಯಲ್ಲಿ ಸ್ವಲ್ಪ ಕಡಿಮೆಯಾಗಿರಬಹುದು.

ಸಂಬಳದ ಇಲಿಗಳು

ಮದುವೆಯಾಗಿ ಅಲೆವೂರಿಗೆ ಬಂದ ಕೆಲವು ವರ್ಷಗಳ ನಂತರ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ನನಗೆ ಮಣಿಪಾಲದ ಒಂದು ಕಾಲೇಜಿನ ಇಲಿಕೋಣೆಯಲ್ಲಿ ಕೆಲಸ ಸಿಕ್ಕಿತು. ಬಿಳಿಯ ಇಲಿಗಳು, ಕೆಂಪು ಕಣ್ಣು. ಬೆಳಿಗ್ಗೆ ಗೂಡುಗಳನ್ನು ತೊಳೆಯಬೇಕು, ನೀರಿನ ಬಾಟಲಿ ತುಂಬಬೇಕು, ತಿಂಡಿಯ ಉಂಡೆಗಳನ್ನು ತೂಕ ಮಾಡಿ ಹಾಕಬೇಕು, ತಿಂದು ಉಳಿದದ್ದನ್ನು ಮರುದಿನ ಪುನಃ ತೂಕ ಮಾಡಬೇಕು. ಸೆಖೆಗಾಲದಲ್ಲಿ ಅವುಗಳಿಗೆ ಫ್ಯಾನು ಇತ್ತು. ನಮ್ಮ ಮನೆಯಲ್ಲಿ ಇರಲಿಲ್ಲ.

ಇದನ್ನೆಲ್ಲ ನಾನು ಮನೆಯಲ್ಲಿ ವಿವರಿಸಿದಾಗ ಮಾವನವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು. ಅತ್ತೆಯವರು ಅಕ್ಕಿ ಕೇರುವುದನ್ನು ನಿಲ್ಲಿಸಿದರು.

"ಎಂತ? ಇಲಿಗೆ ತೂಕ ಮಾಡಿ ಊಟ ಹಾಕುವುದಾ? ಅದಕ್ಕೆ ಸಂಬಳವಾ?"

"ಹೌದು ಅತ್ತೆ."

"ಫ್ಯಾನೂ ಉಂಟಾ?"

"ಉಂಟು."

ಅವರು ತಲೆ ಎತ್ತಿ ನಮ್ಮ ಅಟ್ಟವನ್ನು ಒಮ್ಮೆ ನೋಡಿದರು. ಅಲ್ಲಿ ಆಗಲೂ ಸರಸರ ಸದ್ದು ಕೇಳುತ್ತಿತ್ತು.

"ನಾಳೆ ಹೋಗುವಾಗ ಇವುಗಳನ್ನೂ ಕರೆದುಕೊಂಡು ಹೋಗು. ಇಷ್ಟು ವರ್ಷ ಪುಕ್ಕಟೆ ದುಡಿದಿವೆ, ಪಾಪ. ಇನ್ನಾದರೂ ಒಂದು ಒಳ್ಳೆಯ ಕಡೆ ಸೇರಿಕೊಳ್ಳಲಿ."

ಅಪ್ಪಣೆ ಕೊಡುವ ರಸ

ನಮ್ಮ ಇಲಿಕೋಣೆಗೆ ಒಬ್ಬ ಡಾಕ್ಟರರು ಬರುತ್ತಿದ್ದರು. ಕಾರ್ಕಳದ ಕಡೆಯವರು, ಮದುವೆಯಾಗಿರಲಿಲ್ಲ, ಮಣಿಪಾಲದಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದುಕೊಂಡಿದ್ದರು. ರೋಗಿಗಳನ್ನು ನೋಡುವವರಲ್ಲ, ಪಾಠ ಮಾಡುವವರು. ಹಸಿವು ಎಲ್ಲಿಂದ ಹುಟ್ಟುತ್ತದೆ ಎಂದು ಹುಡುಕುವುದು ಅವರ ಕೆಲಸ. ಅವರಷ್ಟು ಸಪೂರದ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ. ಅಂಗಿಯನ್ನು ಅವರು ತೊಟ್ಟಿದ್ದರೋ, ಗೂಟಕ್ಕೆ ನೇತುಹಾಕಿದ್ದರೋ ಎಂದು ಸಂಶಯ ಬರುತ್ತಿತ್ತು.

ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷಗಳಾದ ಮೇಲೆ ಒಂದು ದಿನ ಅವರು ನನಗೂ, ಅಲ್ಲಿಯ ಹಿರಿಯ ಅಟೆಂಡರಿಗೂ ತಮ್ಮ ಕೆಲಸವನ್ನು ಬಿಡಿಸಿ ಹೇಳಿದರು. ಅಟೆಂಡರರು ಉಡುಪಿಯವರು, ದೊಡ್ಡ ಹೊಟ್ಟೆಯವರು, ಯಾವ ಮಾತನ್ನೂ ಹಾಗೆಯೇ ಹೋಗಲು ಬಿಡುವವರಲ್ಲ.

"ಹಸಿವು ಹೊಟ್ಟೆಯದ್ದು ಅಂತ ನಾವು ತಿಳಿಯುತ್ತೇವೆ. ಅದರ ಯಜಮಾನಿಕೆ ಮೆದುಳಿನದ್ದು," ಎಂದರು ಡಾಕ್ಟರರು. "ಮೆದುಳಿನ ಅಡಿಯಲ್ಲಿ ಒಂದು ಸಣ್ಣ ಜಾಗ ಉಂಟು. ಅಲ್ಲಿ ಒಂದು ರಸ. ನ್ಯೂರೋಪೆಪ್ಟೈಡ್ ವೈ ಅಂತ ಹೊಸದಾಗಿ ಹೆಸರಿಟ್ಟಿದ್ದಾರೆ. ಶರೀರದಲ್ಲಿ ಶಕ್ತಿ ಕಡಿಮೆಯಾದರೆ ಅದೇ ಅಪ್ಪಣೆ ಕೊಡುವುದು ಅಂತ ಕಾಣುತ್ತದೆ: ಉಣ್ಣು, ಖರ್ಚು ಕಡಿಮೆ ಮಾಡು."

"ನಮ್ಮ ಮನೆಯವಳ ಹಾಗೆಯೇ," ಎಂದರು ಅಟೆಂಡರರು. "ಆದರೆ ಅವಳು ಖರ್ಚು ಕಡಿಮೆ ಮಾಡು ಎಂಬ ಅಪ್ಪಣೆ ಒಂದನ್ನೇ ಕೊಡುವುದು."

ಡಾಕ್ಟರರು ನಗುತ್ತ ಇನ್ನಷ್ಟು ವಿವರಿಸಿದರು. ಹಸಿವಾದಾಗ ಶರೀರದಲ್ಲಿ ಏನೇನು ಆಗುತ್ತದೆ, ತಲೆ ಹೇಗೆ ಹಗುರವಾಗುತ್ತದೆ, ಕೈ ಹೇಗೆ ನಡುಗುತ್ತದೆ ಎಂದು ಹೇಳುತ್ತಿರುವಾಗ ಅವರ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಬಗ್ಗಿ ಎತ್ತಲು ಹೋದವರು ಹಾಗೆಯೇ ಗೋಡೆ ಹಿಡಿದುಕೊಂಡು ಕುಳಿತರು. ಅಟೆಂಡರರು ಓಡಿಹೋಗಿ ಅವರ ಟಿಫಿನ್ ಡಬ್ಬಿ ತಂದು ತೆರೆದರು. ಒಳಗಿದ್ದ ಇಡ್ಲಿ ಹಳಸಿ ನೂಲು ಬಿಟ್ಟಿತ್ತು.

"ಡಾಕ್ಟ್ರೇ, ಇದು ಯಾವತ್ತಿನದ್ದು?"

ಡಾಕ್ಟರರು ಬೆರಳು ಮಡಚಿ ಎಣಿಸತೊಡಗಿದರು. "ಇವತ್ತು ಯಾವ ವಾರ?" ಎಂದು ಕೇಳಿದರು.

ಮಾವನವರ ಎಲೆ

ಈ ಪ್ರಸಂಗದಲ್ಲಿ ನಗು ಸ್ವಲ್ಪ ತಡವಾಗಿ ಬರುತ್ತದೆ, ಕ್ಷಮಿಸಬೇಕು.

ಆ ವರ್ಷ ನಮ್ಮ ಮಾವನವರು ತೀರಿಕೊಂಡರು. ಅತ್ತೆಯವರು ಮದುವೆಯಾಗಿ ಬಂದ ದಿನದಿಂದ ಅವರಿಗಿಂತ ಮೊದಲು ಉಂಡವರಲ್ಲ. ಮಾವ ಉಂಡು ಏಳಬೇಕು. ಅದೇ ಬಾಳೆಲೆಯಲ್ಲಿ ಅತ್ತೆ ಕುಳಿತುಕೊಳ್ಳಬೇಕು. ಮಾವನವರು ಎಲೆಯ ಮೂಲೆಯಲ್ಲಿ ಒಂದು ತುಂಡು ಹಪ್ಪಳವನ್ನೋ, ಒಂದು ಹೋಳನ್ನೋ ತಿನ್ನದೆ ಬಿಟ್ಟು ಏಳುತ್ತಿದ್ದರು. ಅದು ಮರೆತು ಬಿಟ್ಟದ್ದಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಅದು ಅತ್ತೆಯ ಪಾಲು.

ಮಾವ ಹೋದ ಮೇಲೆ ಅತ್ತೆಯವರಿಗೆ ಊಟ ಸೇರಲಿಲ್ಲ. ಅಳುತ್ತಿರಲಿಲ್ಲ, ಹಟವೂ ಇರಲಿಲ್ಲ. "ಹಸಿವಿಲ್ಲ," ಎನ್ನುವುದು ಅಷ್ಟೇ. ಎರಡು ತುತ್ತು ಗಂಜಿ ಕುಡಿದು ಏಳುವರು. ನಮ್ಮ ಯಜಮಾನರು ಉಡುಪಿಯ ಒಂದು ಹೋಟೆಲಿನಲ್ಲಿ ಅಡುಗೆಯವರು. ಅವರು ತಾಯಿಗೆಂದು ತುಪ್ಪ ಹಾಕಿ ದೋಸೆ ಹೊಯ್ದು ಮುಂದೆ ಹಿಡಿದರು.

"ಚೆಂದ ಬಂದಿದೆ," ಎಂದರು ಅತ್ತೆ. "ಯಾರಿಗಾದರೂ ಕೊಡು."

ತಿಂಗಳುಗಳು ಹೋದವು. ಬಳೆ ಇಲ್ಲದ ಅವರ ಕೈ ಕಡ್ಡಿಯಾಯಿತು. ಬಾವಿಯಿಂದ ನೀರು ಸೇದುವಾಗ ಹಗ್ಗ ಅವರನ್ನೇ ಎಳೆಯುವಂತೆ ಕಾಣುತ್ತಿತ್ತು. ವೈದ್ಯರು ಬಂದರು, ಕಷಾಯ ಆಯಿತು, ಬಾಟಲಿ ಮದ್ದು ಆಯಿತು. ಕಷಾಯ ಕುಡಿದರೆ ಹಸಿವಾಗುತ್ತದೆಂದು ಹೇಳಿದರೆ, "ಹಸಿವಾದರೆ ಮತ್ತೆ ಊಟ ಮಾಡಬೇಕಲ್ಲ, ಅದು ಬೇರೆ ಕೆಲಸ," ಎಂದು ಲೋಟವನ್ನು ತೆಂಗಿನ ಬುಡಕ್ಕೆ ಚೆಲ್ಲಿದರು. ಆ ತೆಂಗು ಆ ವರ್ಷ ಕಾಯಿ ಬಿಟ್ಟಷ್ಟು ಹಿಂದೆಂದೂ ಬಿಟ್ಟಿರಲಿಲ್ಲ.

ಹೊಟ್ಟೆ ತುಂಬಿದ ಇಲಿ

ಅಷ್ಟರಲ್ಲಿ ಹೊರದೇಶದಿಂದ ಡಾಕ್ಟರರಿಗೆ ಒಂದು ಸಣ್ಣ ಸೀಸೆ ಬಂತು. ಒಳಗೆ ಆ ರಸದ ಪುಡಿ; ಉಗುರಿನ ತುದಿಗೆ ಹತ್ತುವಷ್ಟೂ ಇರಲಿಲ್ಲ. ಇಲಿಯ ತಲೆಗೆ ಮೊದಲೇ ಸಣ್ಣ ನಳಿಗೆ ಕೂರಿಸಿ, ಅದರ ಮೂಲಕ ಒಂದು ತೊಟ್ಟು ಬಿಡುವುದು ಕ್ರಮ. ಹೊಟ್ಟೆ ತುಂಬಿ ಮಲಗಿದ್ದ ಒಂದು ಇಲಿಗೆ ಅದನ್ನು ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಅದು ಎದ್ದಿತು. ಒಂದು ಉಂಡೆ ತಿಂದಿತು. ಮತ್ತೊಂದಕ್ಕೆ ಬಾಯಿ ಹಾಕಿತು. ಡಾಕ್ಟರರ ಮುಖ ಹೂವಿನಂತೆ ಅರಳಿತು.

"ಇದರಲ್ಲಿ ಎಂತ ವಿಶೇಷ?" ಎಂದರು ಅಟೆಂಡರರು. "ನನ್ನ ಭಾವ ಮದುವೆ ಮನೆಯಲ್ಲಿ ಪಾಯಸ ಬಂದಾಗ ಹೀಗೆಯೇ ಏಳುತ್ತಾರೆ. ತಲೆಗೆ ನಳಿಗೆ ಇಲ್ಲ."

ನಾನು ನಗಲಿಲ್ಲ. ಆ ಇಲಿಯನ್ನೇ ನೋಡುತ್ತಿದ್ದೆ. ಹಸಿವಿಲ್ಲದ್ದು ಉಣ್ಣುತ್ತಿದೆ! ಆ ಒಂದು ತೊಟ್ಟು ಅಲೆವೂರಿಗೆ ಹೋದರೆ? ಕೇಳಬೇಕೆಂದು ಬಾಯಿ ತೆರೆದೆ, ಮುಚ್ಚಿದೆ. ನೀರಿನ ಬಾಟಲಿಗಳನ್ನು ಎರಡನೆಯ ಸಲ ತುಂಬಿಸಿದೆ. ಕೊನೆಗೆ ಗೂಡಿನ ಕಡೆ ಮುಖ ಮಾಡಿಕೊಂಡು, ಇಲಿಗೆ ಹೇಳುವವಳಂತೆ ಎಲ್ಲವನ್ನೂ ಹೇಳಿದೆ: ಮಾವನವರ ಎಲೆ, ಅತ್ತೆಯವರ ಕೈ, ತುಪ್ಪದ ದೋಸೆ. "ಒಂದು ತೊಟ್ಟು ಕೊಡಬಹುದಾ ಸರ್?"

ಡಾಕ್ಟರರು ಮೃದುವಾಗಿಯೇ ಉತ್ತರಿಸಿದರು. "ಇದು ಮನುಷ್ಯರಿಗೆ ಕೊಡುವ ಮದ್ದಲ್ಲ ಅಕ್ಕ. ಬಾಯಿಗೆ ಹಾಕಿದರೆ ಹೊಟ್ಟೆಯಲ್ಲೇ ಕರಗಿ ಹೋಗುತ್ತದೆ, ತಲೆಗೆ ಮುಟ್ಟುವುದಿಲ್ಲ."

ಅಟೆಂಡರರಿಗೂ ಬೇಸರವಾಗಿತ್ತು. "ಬಾಯಿಗೆ ಹಾಕಿ ನೋಡಬಹುದಲ್ಲ ಡಾಕ್ಟ್ರೇ? ತೀರ್ಥದ ಹಾಗೆ, ಒಂದು ಉದ್ಧರಣೆ. ದೇವರ ಹೆಸರು ಹೇಳಿ ಕೊಟ್ಟರೆ ಅಮ್ಮ ಬೇಡ ಎನ್ನಲಿಕ್ಕಿಲ್ಲ. ನಾನೇ ತೆಗೆದುಕೊಂಡು ಹೋಗುತ್ತೇನೆ." ಸೀಸೆಯನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ಹಿಡಿದುಕೊಂಡರು. "ಅಂದ ಹಾಗೆ, ಇದು ಮೊದಲು ಯಾವ ಗಿಡದಲ್ಲಿ ಸಿಕ್ಕಿದ್ದು?"

"ಗಿಡವಲ್ಲ. ಹಂದಿಯ ಮೆದುಳಿನಲ್ಲಿ."

ಅಟೆಂಡರರು ಸೀಸೆಯನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. ನಂತರ ಕೈ ತೊಳೆಯಲು ಬಾವಿಕಟ್ಟೆಗೆ ಹೋದವರು ಮಧ್ಯಾಹ್ನದವರೆಗೆ ಬರಲಿಲ್ಲ.

ಬಂಗುಡೆಯ ನೆರೆಯಲ್ಲಿ

ಮುಂದಿನ ವಾರ ಗಾಳಿಮಳೆಗೆ ಕರೆಂಟು ಹೋಯಿತು. ಸೀಸೆ ಫ್ರಿಜ್ಜಿನ ಹಿಮದಲ್ಲಿ ಇರಬೇಕಾದದ್ದು. ಹಿಮ ಕರಗತೊಡಗಿತು. ಡಾಕ್ಟರರು ಫ್ರಿಜ್ಜಿನ ಬಾಗಿಲನ್ನು ಎರಡೂ ಕೈಯಿಂದ ಒತ್ತಿಕೊಂಡು ನಿಂತಿದ್ದರು.

ಅಂಗಡಿಗಳಲ್ಲಿ ಐಸ್ ಇರಲಿಲ್ಲ. ನಮಗೆ ನೆನಪಾದದ್ದು ಬಸ್ಸು ನಿಲ್ಲುವಲ್ಲಿ ಕುಳಿತುಕೊಳ್ಳುವ ಮೀನು ಮಾರುವಾಕೆ. ಡಾಕ್ಟರರೇ ಸೀಸೆಯನ್ನು ಹಿಡಿದುಕೊಂಡು ನನ್ನ ಕೊಡೆಯ ಅಡಿಯಲ್ಲಿ ಓಡಿ ಬಂದರು.

"ಸ್ವಲ್ಪ ಐಸ್ ಬೇಕಿತ್ತು ಅಕ್ಕ," ಎಂದೆ.

"ಐಸ್ ಒಂದನ್ನೇ ಕೊಟ್ಟರೆ ನನ್ನ ಮೀನಿನ ಗತಿ ಎಂತ? ಅದನ್ನು ಇಲ್ಲಿಯೇ ಹೂತಿಡಿ, ನಾನು ನೋಡಿಕೊಳ್ಳುತ್ತೇನೆ."

ಹಾಗೆ ಹೊರದೇಶದ ಸೀಸೆ, ಪ್ಲಾಸ್ಟಿಕ್ ಸುತ್ತಿಕೊಂಡು, ಕರೆಂಟು ಬರುವವರೆಗೆ ಮಲ್ಪೆಯ ಬಂಗುಡೆ ಮೀನುಗಳ ನಡುವೆ ಮಲಗಿತು. ಡಾಕ್ಟರರು ಬುಟ್ಟಿಯ ಪಕ್ಕದಲ್ಲಿಯೇ ಕುಕ್ಕುರುಗಾಲಿನಲ್ಲಿ ಕುಳಿತರು. ಮೀನು ಕೊಳ್ಳಲು ಬಂದವರು ಅವರನ್ನೇ ದರ ಕೇಳಿದರು.

"ಅಂಥದ್ದು ಎಂತ ಉಂಟು ಅದರಲ್ಲಿ?" ಎಂದಳು ಆಕೆ.

"ಹಸಿವು ಹೆಚ್ಚು ಮಾಡುವಂಥದ್ದು," ಎಂದರು ಡಾಕ್ಟರರು.

ಆಕೆ ಬಂಗುಡೆಗಳನ್ನು ನೋಡಿದಳು, ಡಾಕ್ಟರರನ್ನು ನೋಡಿದಳು. "ನನ್ನ ಮೀನಿನ ಪಕ್ಕದಲ್ಲಿ ಕುಳಿತೂ ನಿಮಗೆ ಹಸಿವಿನ ಮದ್ದು ಬೇಕಾ ಮಾರಾಯ್ರೇ? ನಿಮಗೆ ಬೇರೆ ಯಾವುದೋ ಕಾಯಿಲೆ."

ಭಾನುವಾರದ ಊಟ

ಸೀಸೆ ಉಳಿಯಿತು. ಅತ್ತೆಯವರು ಮಾತ್ರ ದಿನದಿಂದ ದಿನಕ್ಕೆ ಕರಗುತ್ತಲೇ ಇದ್ದರು. ಡಾಕ್ಟರರು ನನ್ನ ಮುಖ ನೋಡಿ, "ರಸ ಕೊಡಲಿಕ್ಕೆ ಆಗುವುದಿಲ್ಲ. ಒಮ್ಮೆ ಬಂದು ನೋಡುತ್ತೇನೆ, ಅದಕ್ಕೇನು," ಎಂದರು.

ಭಾನುವಾರ ಮಧ್ಯಾಹ್ನ ಸ್ಕೂಟರಿನಲ್ಲಿ ಬಂದರು. ಹೋಟೆಲಿಗೆ ಭಾನುವಾರವೇ ಜೋರು, ಯಜಮಾನರು ಮನೆಯಲ್ಲಿರಲಿಲ್ಲ. ಅತ್ತೆಯವರು ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಡಾಕ್ಟರರು ಪಕ್ಕದಲ್ಲಿ ಕುಳಿತು ನಾಡಿ ನೋಡಲು ಅವರ ಕೈ ಹಿಡಿದರು. ಅತ್ತೆಯವರು ಆ ಕೈಯನ್ನು ತಿರುಗಿಸಿ, ಡಾಕ್ಟರರ ಮಣಿಕಟ್ಟನ್ನೇ ತಮ್ಮ ಬೆರಳುಗಳಲ್ಲಿ ಹಿಡಿದು ನೋಡಿದರು.

"ಎಷ್ಟು ಸಪೂರ! ಊಟ ಆಯಿತಾ ನಿನ್ನದು?"

"ಹಸಿವಿಲ್ಲ ಅಮ್ಮ."

ನಾನು ಬಾಗಿಲಲ್ಲಿ ನಿಂತಿದ್ದೆ. ತಿಂಗಳುಗಳಿಂದ ತಾವೇ ಹೇಳುತ್ತಿದ್ದ ಮಾತನ್ನು ಬೇರೊಬ್ಬರ ಬಾಯಿಂದ ಕೇಳಿದ ಅತ್ತೆಯವರಿಗೆ ಸಿಟ್ಟು ಬಂತು. "ಹಸಿವಿಲ್ಲ ಎನ್ನಲಿಕ್ಕೂ ಒಂದು ಪ್ರಾಯ ಆಗಬೇಕು! ಏಳು, ಕೈ ತೊಳೆ!" ನನ್ನ ಕಡೆ ತಿರುಗಿ, "ನೋಡುತ್ತ ಎಂತ ನಿಂತಿದ್ದೀ, ಎಲೆ ಹಾಕು," ಎಂದರು.

ಕುಚ್ಚಲಕ್ಕಿ ಅನ್ನ, ಹಲಸಿನ ಬೀಜ ಹಾಕಿದ ಸೌತೆಕಾಯಿ ಹುಳಿ, ಮಾವಿನ ಮಿಡಿ ಉಪ್ಪಿನಕಾಯಿ. ಗೋಡೆ ಹಿಡಿದು ನಡೆಯುತ್ತಿದ್ದ ಅತ್ತೆಯವರು ಸೌಟು ಹಿಡಿದು ನಡೆದರು. ಡಾಕ್ಟರರು ಸಾಕು ಎಂದಾಗಲೆಲ್ಲ ಬಡಿಸಿದರು.

"ನೀವು ಉಣ್ಣುವುದಿಲ್ಲವಾ ಅಮ್ಮ?"

"ನೀನು ಉಂಡು ಏಳದೆ ನಾನು ಹೇಗೆ ಕುಳಿತುಕೊಳ್ಳುವುದು?"

ಡಾಕ್ಟರರು ಎಲೆಯನ್ನು ಹತ್ತಿರ ಎಳೆದುಕೊಂಡರು. ನಂತರ ಎಲೆಯಲ್ಲಿದ್ದುದನ್ನೆಲ್ಲ ಬೇಗಬೇಗನೆ ಉಂಡು ಎದ್ದರು. ನಾನು ಬೇರೊಂದು ಎಲೆ ತಂದು ಹಾಕಿದೆ. ಅತ್ತೆಯವರು ಕುಳಿತರು, ಕಲಸಿದರು, ಉಂಡರು. "ಇನ್ನೊಂದು ಸೌಟು ಹುಳಿ ಹಾಕು," ಎಂದರು. ಸೌಟು ನನ್ನ ಕಣ್ಣಿಗೆ ಸರಿಯಾಗಿ ಕಾಣಿಸಲಿಲ್ಲ.

ಸಾಯಂಕಾಲ ಕೇಳಿದರು, "ಆ ಹುಡುಗನಿಗೆ ಎಂತ ಕೆಲಸ?"

"ಹಸಿವು ಎಲ್ಲಿ ಉಂಟು ಅಂತ ಹುಡುಕುವುದು ಅತ್ತೆ."

"ಪಾಪ," ಎಂದರು. "ತನ್ನದನ್ನು ಎಲ್ಲಿ ಕಳೆದುಕೊಂಡನಂತೆ?"

ಅಂದಿನಿಂದ ಡಾಕ್ಟರರಿಗೆ ಭಾನುವಾರದ ಊಟ ನಮ್ಮಲ್ಲಿಯೇ ಆಯಿತು. ಉಳಿದ ದಿನಗಳಲ್ಲಿ ಅತ್ತೆಯವರು ಅವರಿಗೆ ನನ್ನ ಕೈಯಲ್ಲಿ ಬುತ್ತಿ ಕಳುಹಿಸುತ್ತಿದ್ದರು. ಗಡಿಯಾರ ನೋಡಿ, "ಈಗ ಅವನು ಉಂಡಿರುತ್ತಾನೆ," ಎಂದು ತಾವು ಎಲೆ ಹಾಕಿಕೊಳ್ಳುತ್ತಿದ್ದರಂತೆ. ಪಕ್ಕದ ಮನೆಯವರು ನನಗೆ ಹೇಳಿದ್ದು.

ಆದರೆ ಒಂದು ಭಾನುವಾರ ಡಾಕ್ಟರರು ಬೆಳಿಗ್ಗೆ ಕಾರ್ಕಳಕ್ಕೆ ಹೋದವರು ಊಟದ ಹೊತ್ತು ಮೀರಿದರೂ ಬರಲಿಲ್ಲ. ಅನ್ನ ಆರಿತು. ಅತ್ತೆಯವರು ಅಂಗಳದ ತುದಿಯಲ್ಲಿ ದಾರಿ ನೋಡುತ್ತ ನಿಂತುಬಿಟ್ಟರು. ಇವತ್ತು ಇವರು ಉಣ್ಣುವುದಿಲ್ಲ, ನಾಳೆಯಿಂದ ಪುನಃ ಮೊದಲಿನ ಹಾಗೆ ಆದರೆ ಎಂದು ನಾನು ಅನ್ನದ ಪಾತ್ರೆಯ ಮುಚ್ಚಳವನ್ನು ತೆಗೆಯುತ್ತ ಮುಚ್ಚುತ್ತ ಇದ್ದೆ. ಅಷ್ಟರಲ್ಲಿ ಪಂಕ್ಚರಾದ ಸ್ಕೂಟರನ್ನು ತಳ್ಳಿಕೊಂಡು, ಬೆವರಿನಲ್ಲಿ ಮುಳುಗಿ, ಡಾಕ್ಟರರು ಬಂದರು.

"ಎಷ್ಟು ಹೊತ್ತು ಮಾರಾಯ!" ಎಂದು ಅತ್ತೆಯವರು ಅಲ್ಲಿಂದಲೇ ಕೂಗಿದರು. "ಇಲ್ಲಿ ನನಗೆ ಹಸಿವಾಗಿ ಜೀವ ಹೋಗುತ್ತಾ ಉಂಟು!"

ಡಾಕ್ಟರರು ಸ್ಕೂಟರಿನ ಜೊತೆ ಹಾಗೆಯೇ ನಿಂತರು. ನಾನೂ ನಿಂತೆ. ಅತ್ತೆಯವರಿಗೆ ತಾವು ಏನು ಹೇಳಿದೆವೆಂಬ ಗೋಚರವೂ ಇರಲಿಲ್ಲ.

"ಅಕ್ಕ, ಕೇಳಿದಿರಾ?" ಎಂದರು ಡಾಕ್ಟರರು. "ಇಷ್ಟು ವರ್ಷ ಇಲಿಗಳ ಜೊತೆ ಇದ್ದೆ. ಒಂದು ಇಲಿಯೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ."

"ಅವು ಯಾಕೆ ಹೇಳಬೇಕು?" ಎಂದರು ಅತ್ತೆ. "ಅವುಗಳಿಗೆ ನೀವಿಬ್ಬರು ಹೊತ್ತಿಗೆ ಸರಿಯಾಗಿ ಹಾಕುತ್ತೀರಲ್ಲ!"

ಇಷ್ಟೇ ನನಗೆ ಬರೆಯಲು ಬಂದದ್ದು. ತಪ್ಪುಗಳಿದ್ದರೆ ದಯವಿಟ್ಟು ಕ್ಷಮಿಸಿ.