ಮಾವನ ಮೂರು ರೊಪ್ಪಗಳು

ನಮ್ಮ ಸೋದರಮಾವ ಯಾರನ್ನೂ ನಂಬುವುದಿಲ್ಲ ಎಂದು ಗೌಡಗೆರೆಯಲ್ಲಿ ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ತನ್ನ ಕುರಿಗಳನ್ನು ನಂಬುತ್ತಾನೆ, ಅದೂ ಸಂಜೆ ಎಣಿಸಿ ಮುಳ್ಳುಬೇಲಿಯ ರೊಪ್ಪಕ್ಕೆ ಕೂಡಿದ ಮೇಲೆ! ಮದುವೆಮನೆಗೆ ಹೋದರೆ ಒಂದು ಚಪ್ಪಲಿಯನ್ನು ಬಾಗಿಲ ಹತ್ತಿರ, ಇನ್ನೊಂದನ್ನು ಹುಣಸೆಮರದ ಕೆಳಗೆ ಬಿಡುತ್ತಾನೆ. ಒಂಟಿ ಚಪ್ಪಲಿಯನ್ನು ಯಾವ ಕಳ್ಳ ತಾನೇ ಒಯ್ದಾನು?

ಅವನ ಮೊಬೈಲಿನಲ್ಲಿ ನಮ್ಮ ಅಜ್ಜಿಯ, ಅಂದರೆ ಅವನ ಅಮ್ಮನ, ದನಿಯಿತ್ತು. ಅವಳು ತೀರಿಕೊಳ್ಳುವ ಮುಂಚೆ ಕುರಿ ಕರೆಯುತ್ತಿದ್ದಾಗ ಅವನೇ ಹಿಡಿದಿಟ್ಟದ್ದು. ಅವಳದೆಂದು ಉಳಿದಿದ್ದ ದನಿ ಅದೊಂದೇ. ಶಿರಾದಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು, "ಮಾವ, ಮೊಬೈಲ್ ಒಡೆದ್ರೆ ಏನ್ ಗತಿ? ಬೇರೆ ಕಡೇನೂ ಒಂದೊಂದು ಪ್ರತಿ ಇಡೋಣ" ಎಂದೆ.

"ಇದೇನ್ ಹೊಸದಾ? ಎಲ್ಲಾ ಕುರೀನೂ ಒಂದೇ ರೊಪ್ಪದಾಗೆ ಕೂಡಬಾರ್ದು ಕಣಮ್ಮ" ಎಂದ. ರೋಗ ಬಂದು ಒಂದು ಹಿಂಡು ಹೋದರೂ ಇನ್ನೊಂದು ಉಳಿಯಲಿ ಎಂದು ನೆಂಟರ ಮನೆಗಳಿಗೆ ಕುರಿಗಳನ್ನು ಪಾಲಿಗೆ ಬಿಡುವ ವಂಶ ನಮ್ಮದು.

ಸರಿ, ತಂತ್ರಾಂಶ ಹಾಕಿ ಮೂರು ದೂರದ ಜಾಗಗಳನ್ನು ಸೇರಿಸಿದೆ. ಇಂಟರ್‌ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಜಾಗ ಒಂದು, ನನ್ನ ಕಂಪ್ಯೂಟರ್ ಇನ್ನೊಂದು, ತಿರುಮಣಿಯ ನನ್ನ ತವರಿನಲ್ಲಿಟ್ಟ, ಕಡತಗಳನ್ನು ಕೂಡಿಡುವ ಪುಟ್ಟ ಪೆಟ್ಟಿಗೆ ಮತ್ತೊಂದು. ಒಂದೊಂದಕ್ಕೂ ವಿಚಾರಣೆ ನಡೆಯಿತು.

"ಈ ಬಾಡಿಗೆ ಜಾಗ ಯಾವೂರಾಗೈತೆ?"

"ಗೊತ್ತಿಲ್ಲ ಮಾವ."

"ಊರೇ ಗೊತ್ತಿಲ್ದೋನ ರೊಪ್ಪಕ್ಕೆ ಕುರಿ ಬುಡ್ತಾರೇನಮ್ಮ?"

ಕೊನೆಗೆ ಗೊಣಗುತ್ತಲೇ ಒಪ್ಪಿದ. ಆದರೆ ಅಳಿಸಿದ್ದೆಲ್ಲ ಆ ಜಾಗಗಳ ಕಸದಬುಟ್ಟಿಯಲ್ಲಿ ಕೆಲವು ದಿನ ಉಳಿದಿರುತ್ತದೆ ಎಂದಾಗ ಹುಬ್ಬು ಮೇಲೇರಿತು. "ನಮ್ ಕಸ ಅವ್ರಿಗ್ಯಾಕೆ? ತೆಗ್ಸು." ತೆಗೆಸಿದೆ.

ತಿರುಮಣಿಯ ಪೆಟ್ಟಿಗೆಯ ಕಥೆ ವಾರವೂ ನಡೆಯಲಿಲ್ಲ. ಹಿಂದೊಮ್ಮೆ ನಮ್ಮಪ್ಪನಿಗೆ ಪಾಲಿಗೆ ಬಿಟ್ಟ ಕುರಿಯೊಂದು ಸತ್ತಿತ್ತು. ಅದು ಸತ್ತಿತೋ, ಸಾರಾಯಿತೋ ಎಂಬುದು ಮಾವನ ಇಂದಿನವರೆಗಿನ ಅನುಮಾನ. "ಭಾವನ ಕೈಗೆ ಅಮ್ಮನ್ನ ಕೊಡಾಕಿಲ್ಲ. ಹಗ್ಗ ಬಿಚ್ಚು" ಎಂದು ಸಂಪರ್ಕ ಕಡಿಸಿಬಿಟ್ಟ. ಅಮ್ಮ ಆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದಳು.

ಆಮೇಲೆ ಪರೀಕ್ಷೆ. ಕುರಿಯನ್ನು ಪಾಲಿಗೆ ಬಿಟ್ಟವರ ಮನೆಗೆ ದಿಢೀರನೆ ಹೋಗಿ "ನನ್ ಕುರಿ ಕೊಡು" ಎನ್ನುವುದು ಮಾವನ ಪದ್ಧತಿ. ಆದರೆ ಮೊಬೈಲಿನಲ್ಲೂ ಇರುವಾಗ ಕೇಳಿದರೆ ಅದೆಂಥ ಪರೀಕ್ಷೆ? ಅಜ್ಜಿಯ ದನಿಯನ್ನು ತಾನೇ ಅಳಿಸಿ ನನಗೆ ಫೋನ್ ಮಾಡಿದ. "ಈಗ ತಾರಮ್ಮ, ನೋಡಾನ."

ತಕ್ಷಣ ಕಂಪ್ಯೂಟರ್ ತೆರೆದೆ. ಈ ತಂತ್ರಾಂಶ ಎಲ್ಲ ಕಡೆಯೂ ಒಂದೇ ಥರ ಇಡುವಂಥದ್ದು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಸಿಹೋಗುತ್ತದೆ. ಇದನ್ನು ಮೊದಲೇ ಹೇಳಿದ್ದೆ, ಅವನು ನಂಬಿರಲಿಲ್ಲ! ನೋಡಿದರೆ ಎರಡು ರೊಪ್ಪಗಳೂ ಖಾಲಿ. ಆಗ ಅಟ್ಟದ ಮೇಲಿನ ಪೆಟ್ಟಿಗೆ ನೆನಪಾಯಿತು.

"ಮಾವ, ತಿರುಮಣಿ ಪೆಟ್ಟಿಗೆಗೆ ಹಗ್ಗ ಬಿಚ್ಚಿಸಿದ್ಯಲ್ಲ, ಅಲ್ಲಿಂದ ಅಳಿಸಿರಲ್ಲ" ಎಂದೆ.

ವರ್ಷಗಳಿಂದ ತುಳಿಯದ ನಮ್ಮಪ್ಪನ ಮನೆಯ ಹೊಸ್ತಿಲನ್ನು ಮಾವ ಅಂದೇ ತುಳಿದ. "ಬಾಪ್ಪಾ, ಕುರಿ ಎಣ್ಸಾಕ್ ಬಂದ್ಯಾ?" ಎಂದು ಅಪ್ಪ ಕುಟುಕಿದರೂ ನೇರ ಅಟ್ಟದ ಕೆಳಗೆ ಹೋಗಿ ನಿಂತ. ಶಿರಾದಿಂದ ಬಂದಿದ್ದ ನಾನು ಪೆಟ್ಟಿಗೆ ಇಳಿಸಿ, ಇಂಟರ್‌ನೆಟ್ ತಾಗಿಸದೆ ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಅಜ್ಜಿ ಕುರಿಗಳನ್ನು ಕರೆದಳು. ನಡುವೆ ನಿಲ್ಲಿಸಿ, "ಲೇ ಮಗಾ, ಉಂಡ್ಯೇನ್ಲಾ?" ಎಂದಳು. ಅಮ್ಮ ಸೌಟು ಹಿಡಿದುಕೊಂಡೇ ಒಳಗಿನಿಂದ ಓಡಿಬಂದಳು. ಆ ದನಿಯನ್ನು ಅವಳು ಅದುವರೆಗೂ ಕೇಳಿರಲಿಲ್ಲ. ಮಾವ ಯಾರಿಗೂ ಕೇಳಿಸಿದವನಲ್ಲ. ಅಕ್ಕ ತಮ್ಮ ಇಬ್ಬರೂ ಅತ್ತರು.

ಮಾವನ ಮೊಬೈಲಿಗೆ ಮತ್ತೆ ಪ್ರತಿ ಹಾಕಿಕೊಟ್ಟು, "ಪೆಟ್ಟಿಗೆ ಎತ್ತಿಕೊಂಡು ಹೋಗ್ತೀಯಾ?" ಎಂದು ಕೇಳಿದೆ. ಅವನು ಅಪ್ಪನನ್ನು ಒಮ್ಮೆ ಅನುಮಾನದಿಂದಲೇ ನೋಡಿದ.

"ಬ್ಯಾಡ ಬುಡು. ಅಮ್ಮ ಮಗಳ ಮನೆಗೆ ಬಂದವ್ಳೆ. ಇರ್ಲಿ."