ಟೀ ಲೋಟದ ಕೆಳಗಿನ ಬಿಲ್ಲು

ಹದಿನೆಂಟು ವರ್ಷದ ಸಂಸಾರದಲ್ಲಿ ಗಡಿಯಾರ ರಿಪೇರಿಯ ಯಜಮಾನರು ದಿನಸಿಯ ಬಿಲ್ಲನ್ನು ಒಮ್ಮೆಯೂ ಕಣ್ಣೆತ್ತಿ ನೋಡಿದವರಲ್ಲ. ಒಂದನೇ ತಾರೀಖು ದುಡ್ಡು ಎಣಿಸಿ ಹೆಂಡತಿಯ ಕೈಗಿಟ್ಟರೆ ಅವರ ಸಂಸಾರಭಾರ ಇಳಿದಂತೆ. ಆದರೆ ಆ ಭಾನುವಾರ ಅವರು ಟೀ ಲೋಟ ಎತ್ತಿದಾಗ ಅದರಡಿಯಲ್ಲಿ ಮೊಳದುದ್ದದ ಬಿಲ್ಲೊಂದು ಇತ್ತು. (ಅದು ಅಲ್ಲಿಗೆ ಹೇಗೆ ಬಂತೆಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.) ಬೀದಿ ಮೂಲೆಯ ಹೊಸ ಸೂಪರ್‌ಮಾರ್ಕೆಟ್ಟಿನದು. ಒಟ್ಟು ಏಳು ಸಾವಿರದ ಎಂಟುನೂರ ನಲವತ್ತು. ಮೂರು ಜನರ ಮನೆಗೆ ಇಷ್ಟೊಂದಾ ಎಂದು ಟೀ ನೆತ್ತಿಗೇರಿತು.

ದಿನಕ್ಕೆ ಎರಡು ಸೆಕೆಂಡು ಹಿಂದೆ ಬಿದ್ದ ಗಡಿಯಾರವನ್ನೇ ಸಹಿಸದ ಮನುಷ್ಯ ಇದನ್ನು ಸುಮ್ಮನೆ ಬಿಟ್ಟಾರೆಯೇ? ಅಂದಿನಿಂದ ಊಟಕ್ಕೆ ಕೂತಾಗೆಲ್ಲ ಗೃಹಾರ್ಥಶಾಸ್ತ್ರದ ಉಪನ್ಯಾಸ. ಸಕ್ಕರೆಗೆ ಇಷ್ಟಾ, ಎಣ್ಣೆಗೆ ಅಷ್ಟಾ, ಹೆಂಗಸರಿಗೆ ಲೆಕ್ಕಾಚಾರವೇ ಇಲ್ಲ ಎಂಬಲ್ಲಿಗೆ ಅದು ಮುಗಿಯುತ್ತಿತ್ತು. ಕಾಲೇಜಿಗೆ ಹೋಗುವ ಮಗಳು ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಉಣ್ಣತೊಡಗಿದಳು. ಹೆಂಡತಿ ಮೂರು ದಿನ ಕೇಳಿಸಿಕೊಂಡಳು. ನಾಲ್ಕನೆಯ ದಿನ ಕೈ ತೊಳೆದು ಬಂದು ಎದುರಿಗೆ ಕೂತಳು.

"ನೋಡಿ, ಈ ತಿಂಗಳು ನೀವೇ ತನ್ನಿ. ಇದೇ ಪಟ್ಟಿ, ಇದೇ ತೂಕ. ಈ ಬಿಲ್ಲಿಗಿಂತ ಕಮ್ಮಿ ಆದ್ರೆ ನನ್ನ ಡಬ್ಬಿ ದುಡ್ಡಲ್ಲಿ ನಿಮಗೆ ಆ ಕುರ್ಚಿ ಕೊಡಿಸ್ತೀನಿ. ಜಾಸ್ತಿ ಆದ್ರೆ, ಊಟದ ಹೊತ್ತಲ್ಲಿ ಇನ್ಮೇಲೆ ರೇಟಿನ ಮಾತೇ ಎತ್ತಕೂಡ್ದು."

ಕುರ್ಚಿ ಎಂದರೆ ಪೀಠೋಪಕರಣದ ಅಂಗಡಿಯ ಗಾಜಿನ ಹಿಂದಿದ್ದ, ಒರಗಿದರೆ ತಾನೇ ಹಿಂದಕ್ಕೆ ಬಾಗಿ ಕಾಲಿಗೂ ಆಸರೆ ಕೊಡುವ ಆರಾಮಕುರ್ಚಿ. ದಿನವಿಡೀ ಬಗ್ಗಿ ಸೂಜಿಮೊನೆಯಷ್ಟು ಚಕ್ರಗಳನ್ನು ಜೋಡಿಸುವ ಯಜಮಾನರ ಕತ್ತು ಎರಡು ವರ್ಷದಿಂದ ಅದಕ್ಕಾಗಿ ಹಂಬಲಿಸುತ್ತಿತ್ತು. ಒಪ್ಪಿಕೊಂಡರು. ಪಾಪ, ಇವಳ ಡಬ್ಬಿ ಖಾಲಿಯಾಗುತ್ತದಲ್ಲ ಎಂದು ಸ್ವಲ್ಪ ಕನಿಕರವೂ ಆಯಿತು.

ಎರಡು ಮಧ್ಯಾಹ್ನ ರಿಪೇರಿ ಅಂಗಡಿಗೆ ಬೀಗ ಬಿತ್ತು. ಮೂಲೆಯದು, ಸೇತುವೆ ಕೆಳಗಿನದು, ಬಸ್ ನಿಲ್ದಾಣದ ಎದುರಿನದು, ಹೀಗೆ ಮೂರು ಸೂಪರ್‌ಮಾರ್ಕೆಟ್ಟುಗಳ ನಡುವೆ ಸ್ಕೂಟರ್ ಓಡಿತು. (ಪೆಟ್ರೋಲು ದಿನಸಿಯಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ ಎಂದು ಅವರೇ ತೀರ್ಪು ಕೊಟ್ಟುಕೊಂಡರು.) ರಿಪೇರಿಗೆಂದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿ ಭೂತಗನ್ನಡಿಯನ್ನು ಏರಿಸಿ, ಪೊಟ್ಟಣದ ಬೆನ್ನಿನ ಇರುವೆಸಾಲಿನಂಥ ಅಕ್ಷರ ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಸೇತುವೆ ಕೆಳಗಿನ ಅಂಗಡಿಯ ಸೂಪರ್‌ವೈಸರು ಇವರು ಸರ್ಕಾರದ ತೂಕ ತಪಾಸಣೆಯವರೆಂದೇ ತಿಳಿದು ಸ್ಟೂಲು ಹಾಕಿ ತಣ್ಣನೆಯ ಜ್ಯೂಸು ತರಿಸಿಕೊಟ್ಟ. ಯಜಮಾನರು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ, ಜ್ಯೂಸು ಕುಡಿದರು.

ನಿಜವಾದ ದಿಗ್ವಿಜಯ ನಡೆದದ್ದು ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ. ಅಲ್ಲಿ ಬಟ್ಟೆ ಸೋಪಿನ ಪುಡಿಯ 'ಮಹಾ ಉಳಿತಾಯ' ಚೀಲಗಳನ್ನು ಗೋಪುರದ ಹಾಗೆ ಪೇರಿಸಿದ್ದರು. ಯಜಮಾನರು ಕೂಡಿ, ಕಳೆದು, ಭಾಗಿಸಿ ನೋಡಿದರು. ಎರಡು ಕಿಲೋದ ಆ ಚೀಲಕ್ಕಿಂತ ಒಂದೊಂದು ಕಿಲೋದ ಎರಡು ಪೊಟ್ಟಣ ಮೂವತ್ತೊಂದು ರೂಪಾಯಿ ಅಗ್ಗ! ಹತ್ತಿರವಿದ್ದ ಹೆಂಗಸರಿಗೆ ಅದನ್ನು ಬಿಡಿಸಿ ಹೇಳಿದರು. ಐದು ಜನ ಚೀಲಗಳನ್ನು ವಾಪಸ್ಸಿಟ್ಟು ಪೊಟ್ಟಣ ಎತ್ತಿಕೊಂಡರು. ಒಬ್ಬಾಕೆ, "ನಿಮ್ಮಂಥೋರು ಮನೆಗೊಬ್ರು ಇರ್ಬೇಕು ನೋಡಿ ಅಣ್ಣ," ಅಂದಳು. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದರೂ ಯಾರೂ ಅವರಿಗೆ ಇಂಥ ಮಾತು ಹೇಳಿರಲಿಲ್ಲ. ಎದೆ ತುಂಬಿ ಬಂತು.

ಸಂಜೆ ಮೂರೂ ಬಿಲ್ಲುಗಳನ್ನು ಮಗಳು ಕೂಡಿದಳು. ಆರು ಸಾವಿರದ ಒಂಬೈನೂರ ಹತ್ತು. ಸರಿಯಾಗಿ ಒಂಬೈನೂರ ಮೂವತ್ತು ಉಳಿತಾಯ. ಯಜಮಾನರು ಮೀಸೆಯಿಲ್ಲದ ತುಟಿಯ ಮೇಲೆ ಕೈಯಾಡಿಸಿದರು.

"ಒಪ್ಕೊಂಡೆ. ನಾನು ಸೋತೆ," ಅಂದಳು ಹೆಂಡತಿ. ಹದಿನೆಂಟು ವರ್ಷದಲ್ಲಿ ಅವಳ ಬಾಯಿಂದ ಬಾರದ ಮಾತು ಅದು. ಅನುಮಾನ ಬರಬೇಕಿತ್ತು. ಯಜಮಾನರಿಗೆ ಬಂದದ್ದು ಆನಂದಬಾಷ್ಪ.

ವಾರದೊಳಗೆ ಕುರ್ಚಿ ಬಂತು. ಅದರಲ್ಲಿ ಅವರು ಮೊದಲ ಸಲ ಒರಗಿದಾಗ ಹೆಂಡತಿ ಪಕ್ಕದಲ್ಲೇ ನಿಂತು ಸಣ್ಣ ದನಿಯಲ್ಲಿ ಹೇಳಿದಳು: "ಇಷ್ಟು ಚೆನ್ನಾಗಿ ತರೋ ಕೈ ಮನೇಲೇ ಇರುವಾಗ ನಾನು ಹೋಗಿ ದುಡ್ಡು ಹಾಳು ಮಾಡೋದು ಸರಿಯಲ್ಲ ರೀ. ಇನ್ಮೇಲೆ ಆ ಕೆಲಸ ನಿಮ್ಮದೇ." ಗೆದ್ದವರ ಔದಾರ್ಯದಲ್ಲಿ ಯಜಮಾನರು ಆಗಲಿ ಎಂದರು.

ಮುಂದಿನ ತಿಂಗಳ ಭಾನುವಾರ. ಮೂರು ಅಂಗಡಿ ಸುತ್ತಿ, ಎರಡು ಕೈಯಲ್ಲಿ ನಾಲ್ಕು ಚೀಲ ಹೊತ್ತು ಯಜಮಾನರು ಮನೆಗೆ ಬಂದರು. ಹೆಂಡತಿ ಆರಾಮಕುರ್ಚಿಯಲ್ಲಿ ಕಾಲು ಚಾಚಿ ವಾರಪತ್ರಿಕೆ ಓದುತ್ತಿದ್ದಳು. ತಂದವರೇ ಜೋಡಿಸಿಟ್ಟರೆ ಎಲ್ಲಿದೆ ಅಂತ ಹುಡುಕೋದು ತಪ್ಪುತ್ತೆ ಎಂದಳು. ಅದೂ ನ್ಯಾಯವೇ ಅನ್ನಿಸಿತು.

ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಎತ್ತಿದರೆ, ಶೆಲ್ಫಿಗೆ ಹಾಸಿದ್ದ ಕಾಗದ ಕಂಡಿತು. ಹಳೆಯ ಬಿಲ್ಲುಗಳು. ಸೂಪರ್‌ಮಾರ್ಕೆಟ್ಟಿನ ಬಿಲ್ಲು ನಾಲ್ಕು ದಿನಕ್ಕೆ ಮಾಸಿಹೋಗುತ್ತದೆ, ಬರಿಗಣ್ಣಿಗೆ ಅದು ಬಿಳಿ ಹಾಳೆಯೇ. ಆದರೆ ಅಂಗಡಿಯಲ್ಲಿ ಏರಿಸಿದ ಭೂತಗನ್ನಡಿ ಇನ್ನೂ ಯಜಮಾನರ ಜೇಬಲ್ಲೇ ಇತ್ತು. ಅದನ್ನು ಕಣ್ಣಿಗೇರಿಸಿ, ಬಗ್ಗಿ ಓದಿದರು. ಅದೇ ಪಟ್ಟಿ, ಅದೇ ತೂಕ, ಪಂದ್ಯಕ್ಕೆ ಎರಡು ತಿಂಗಳ ಹಿಂದಿನದು. ಸೇತುವೆ ಕೆಳಗಿನ ಅಂಗಡಿಯದಿಷ್ಟು, ಬಸ್ ನಿಲ್ದಾಣದ ಎದುರಿನದಿಷ್ಟು. ಸೋಪಿನ ಪುಡಿ, ಒಂದು ಕಿಲೋದ ಪೊಟ್ಟಣ, ಎರಡು. ಎಲ್ಲ ಸೇರಿ ಆರು ಸಾವಿರದ ಮುನ್ನೂರ ಇಪ್ಪತ್ತೈದು. ಅವರ ದಿಗ್ವಿಜಯಕ್ಕಿಂತ ಐನೂರ ಎಂಬತ್ತೈದು ಕಡಿಮೆ.

ಅದರ ಹಿಂದಿನ ತಿಂಗಳದ್ದೂ ಹಾಗೆಯೇ. ಮೂಲೆಯ ದುಬಾರಿ ಅಂಗಡಿಗೆ ಅವಳು ಹೋದದ್ದು ಒಂದೇ ಒಂದು ಸಲ, ಆ ಬಿಲ್ಲನ್ನು ಟೀ ಲೋಟದಡಿ ಇಟ್ಟ ತಿಂಗಳು. ಕುರ್ಚಿ ಕೊಂಡ ಡಬ್ಬಿ ಹೇಗೆ ತುಂಬಿತ್ತೆಂಬುದೂ ಈಗ ತಿಳಿಯಿತು.

ಈ ಬಿಲ್ಲು ಹಿಡಿದು ಹೊರಗೆ ಹೋದರೆ ಚೀಲ ಹೊರುವುದು ಇವತ್ತಿಗೇ ತಪ್ಪುತ್ತದೆ. ಆದರೆ 'ನಾನು ಸೋತೆ' ಎಂದು ತಾವು ಹೇಳಬೇಕಾಗುತ್ತದೆ. ಯಜಮಾನರು ಸಕ್ಕರೆ ಡಬ್ಬಿಯನ್ನು ಬಿಲ್ಲಿನ ಒಟ್ಟು ಮೊತ್ತದ ಮೇಲೆ ಭದ್ರವಾಗಿ ಕೂರಿಸಿದರು.

"ಏನ್ರೀ, ಸದ್ದೇ ಇಲ್ಲ? ಏನ್ ಮಾಡ್ತಿದ್ದೀರ?" ಕುರ್ಚಿಯಿಂದ ದನಿ ಬಂತು.

"ಏನಿಲ್ಲ. ಶೆಲ್ಫ್ ಒರೆಸ್ತಿದ್ದೆ."

"ಹಾಗಾದ್ರೆ ಕೆಳಗಿಂದೂ ಒರೆಸ್ಬಿಡಿ."

ಕೆಳಗಿನ ಶೆಲ್ಫಿಗೂ ಉದ್ದಕ್ಕೆ ಬಿಲ್ಲುಗಳನ್ನೇ ಹಾಸಿದ್ದಳು. ಯಜಮಾನರು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು ಜೇಬಿಗಿಟ್ಟುಕೊಂಡು, ಬಟ್ಟೆ ಒದ್ದೆ ಮಾಡಿ ಒರೆಸತೊಡಗಿದರು.