ಕಾಲರಿನಿಂದ ಅರ್ಧ ಇಂಚು ಮೇಲೆ

ಶಾಲೆಯ ನಿಯಮ ನೋಡುವುದಕ್ಕೆ ಸರಳವಾಗಿಯೇ ಇತ್ತು. ಹುಡುಗಿಯರು ರಿಬ್ಬನ್ ಕಟ್ಟಿ ಎರಡು ಜಡೆ ಹಾಕಬೇಕು. ಇಲ್ಲವಾದರೆ ಕೂದಲು ಕಾಲರನ್ನು ಮುಟ್ಟಬಾರದು. ಸರ್ವೇಯರ್ ಸಾಹೇಬರ ಮಗಳು ಪುಟ್ಟಿಯ ಗುಂಗುರು ಕೂದಲು ಅತ್ತ ಜಡೆಗೂ ಬಾರದೆ ಇತ್ತ ಕಾಲರನ್ನೂ ಬಿಡದೆ ತ್ರಿಶಂಕು ಸ್ಥಿತಿಯಲ್ಲಿತ್ತು. ದಿನಾ ಬೆಳಿಗ್ಗೆ ಅವಳಮ್ಮ ಅಂಗೈ ತುಂಬ ಎಣ್ಣೆ, ಬಾಯಿ ತುಂಬ ಪಿನ್ನು ಇಟ್ಟುಕೊಂಡು ಆ ಕೂದಲಿನ ಜೊತೆ ಯುದ್ಧಕ್ಕೆ ನಿಲ್ಲುತ್ತಿದ್ದಳು.

ಇವತ್ತು ಯುದ್ಧದಲ್ಲಿ ಸೋಲುವ ಹಾಗಿರಲಿಲ್ಲ. ಶಾಲೆಯ ವಾರ್ಷಿಕೋತ್ಸವ. ಸ್ವಾಗತ ಭಾಷಣ ಪುಟ್ಟಿಯದು. ಸ್ನಾನದ ಮನೆಯಲ್ಲಿ, ಊಟದ ತಟ್ಟೆಯ ಮುಂದೆ, ಕೊನೆಗೆ ನಿದ್ದೆಯಲ್ಲೂ ಅದನ್ನೇ ಒಪ್ಪಿಸಿ ಒಪ್ಪಿಸಿ ಮನೆಯವರಿಗೆಲ್ಲ ಅದು ಬಾಯಿಪಾಠವಾಗಿತ್ತು. ಆದರೆ ಡ್ರಿಲ್ ಮಿಸ್ ಕಡ್ಡಿ ಮುರಿದಂತೆ ಹೇಳಿದ್ದರು: ನಿಯಮ ಮೀರಿದ ತಲೆ ವೇದಿಕೆ ಹತ್ತುವಂತಿಲ್ಲ.

"ಹೋದ ಸಲದ ಪೋಷಕರ ಸಭೆಯಲ್ಲಿ ಎದ್ದು ನಿಂತು, ಮಕ್ಕಳಿಗೆ ಮಾತ್ರ ಯಾಕೆ ಶಿಸ್ತು, ನೈಟ್ ಡ್ರೆಸ್ಸಲ್ಲಿ ಬರೋ ಅಪ್ಪ ಅಮ್ಮಂದಿರನ್ನೂ ಗೇಟಲ್ಲೇ ನಿಲ್ಲಿಸಿ ಅಂತ ಭಾಷಣ ಬಿಗಿದ್ರಲ್ಲ," ಎಂದಳು ಹೆಂಡತಿ, ಜಾರಿದ ಪಿನ್ನನ್ನು ಹುಡುಕುತ್ತಾ. "ಆವಾಗ ಈ ಜಡೆ ವಿಷಯ ಒಂದು ಮಾತು ಎತ್ತಬಾರ್ದಿತ್ತಾ?"

"ಎಲ್ಲರೂ ಚಪ್ಪಾಳೆ ಹೊಡೆದ್ರು ಕಣೇ," ಎಂದರು ಸಾಹೇಬರು. ಆ ಚಪ್ಪಾಳೆ ಇನ್ನೂ ಅವರ ಕಿವಿಯಲ್ಲಿತ್ತು. ಅದೇ ಹುಮ್ಮಸ್ಸಿನಲ್ಲಿ ದಿವ್ಯಜ್ಞಾನವೂ ಹೊಳೆಯಿತು. "ಜಡೆ ಯಾಕೆ? ಒಂಚೂರು ಕತ್ತರಿಸಿಬಿಟ್ರೆ ಕಾಲರ್ ಮುಟ್ಟೋದೇ ಇಲ್ಲ!"

"ಬೇಡ ರೀ."

"ಊರಿನ ಜಮೀನೆಲ್ಲ ಅಳೆದು ಗಡಿ ಹಾಕಿದೋನು ನಾನು. ಮಗಳ ಕತ್ತು ಅಳೆಯೋಕಾಗಲ್ವಾ?"

ತಲೆಗೆ ಸ್ನಾನ ಮಾಡಿ ಬಂದ ಪುಟ್ಟಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಅಡಿಪಟ್ಟಿ ಇಟ್ಟು, ಕಾಲರಿನಿಂದ ಅರ್ಧ ಇಂಚು ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿ (ಕತ್ತಿನ ಮೇಲೆಯೇ!) ಕತ್ತರಿ ಆಡಿಸಿದರು. ಕೆಲಸ ಅಚ್ಚುಕಟ್ಟು. ಹೆಂಡತಿ ಕೂಡ ಎರಡು ನಿಮಿಷ ಮೆಚ್ಚಿಕೊಂಡಳು.

ಆಮೇಲೆ ಕೂದಲು ಒಣಗತೊಡಗಿತು. ಒದ್ದೆಯಾಗಿದ್ದಾಗ ಸಾಧುವಿನಂತೆ ಇಳಿಬಿದ್ದಿದ್ದ ಗುಂಗುರುಗಳು ಒಂದೊಂದಾಗಿ ಸುರುಳಿ ಸುತ್ತಿಕೊಂಡು ಮೇಲೇರಿದವು. ಕಾಲರ್ ಬಿಟ್ಟವು, ಕತ್ತು ಬಿಟ್ಟವು, ಕಿವಿಯನ್ನೂ ದಾಟಿದವು. ಕೊನೆಗೆ ಪುಟ್ಟಿಯ ಮುಖದ ಸುತ್ತ ಒಂದು ದೊಡ್ಡ ಕರಿ ಚೆಂಡು ನಿಂತಿತು.

"ಅಪ್ಪಾ, ಇದು ಫ್ಯಾಷನ್ ಕಟಿಂಗ್ ಥರ ಇದೆ! ಫ್ಯಾಷನ್ ಕಟಿಂಗ್ ಮಾಡಿಸ್ಕೊಂಡ್ರೆ ಮನೆಗೇ ಕಳಿಸ್ತಾರೆ!" ಪುಟ್ಟಿ ಕನ್ನಡಿಯ ಮುಂದೆ ಗೊಳೋ ಎಂದಳು.

ಸಾಹೇಬರು ನೀರು ಚಿಮುಕಿಸಿದರು, ಎಣ್ಣೆ ಮೆತ್ತಿದರು, ಟೋಪಿ ತೊಡಿಸಿ ಅದುಮಿದರು. ಟೋಪಿ ತೆಗೆದೊಡನೆ ಚೆಂಡು ಮತ್ತೆ ಹಾಜರು. ಹೆಂಡತಿ ಪಿನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಿದಳು. ಅವಳು ಬೈದಿದ್ದರೆ ಸಾಹೇಬರಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಗಡಿಯಾರ ನೋಡಿದವರೇ, "ನಡೀರಿ, ನಾನೇ ಬಂದು ಮಿಸ್ ಕಾಲಿಗೆ ಬೀಳ್ತೀನಿ!" ಎಂದು ಮಗಳ ಕೈ ಹಿಡಿದು ಓಡಿದರು, ಹಿಂದೆ ಹೆಂಡತಿ.

ಗೇಟಿನಲ್ಲಿ ಡ್ರಿಲ್ ಮಿಸ್ ಅಡಿಪಟ್ಟಿ ಹಿಡಿದು ನಿಂತಿದ್ದರು. ಮಿಸ್ ಆ ಚೆಂಡನ್ನು ಒಂದು ಸುತ್ತು ಬಂದು ನೋಡಿದರು.

"ಇದೇನು, ಫ್ಯಾಷನ್ನಾ?"

"ಅಯ್ಯೋ ಇಲ್ಲ ಮಿಸ್! ನಾನೇ ಕತ್ತರಿಸಿದ್ದು!"

ಮಿಸ್ ಇನ್ನೊಮ್ಮೆ ನೋಡಿದರು. "ಹೌದು, ನೋಡಿದ್ರೇ ಗೊತ್ತಾಗುತ್ತೆ. ಕಾಲರ್ ಮುಟ್ಟಲ್ಲ. ನಡಿ ಒಳಗೆ, ಭಾಷಣ ಚೆನ್ನಾಗಿ ಮಾಡು."

ಪುಟ್ಟಿ ಒಂದೇ ನೆಗೆತಕ್ಕೆ ಒಳಗೆ ಹೋದಳು. ಹಿಂದೆಯೇ ಅವಳಮ್ಮ. ಕಣ್ಣೊರೆಸಿಕೊಳ್ಳುತ್ತಾ ಸಾಹೇಬರೂ ಕಾಲೆತ್ತಿ ಇಟ್ಟರು. ಅಡಿಪಟ್ಟಿ ಅವರ ಎದೆಗೆ ಅಡ್ಡ ಬಂತು.

"ಸರ್, ನೀವಲ್ಲ."

ಸಾಹೇಬರು ಆಗ ತಮ್ಮನ್ನು ತಾವು ನೋಡಿಕೊಂಡರು. ಮೊಣಕಾಲು ಹರಿದ ಪಟ್ಟೆಪಟ್ಟೆ ಪೈಜಾಮ. ಎಣ್ಣೆ ಮೆತ್ತಿದ ಬನಿಯನ್. ಎಡಗಾಲಿನಲ್ಲಿ ತಮ್ಮ ಚಪ್ಪಲಿ, ಬಲಗಾಲಿನಲ್ಲಿ ಹೆಂಡತಿಯದು.

"ನೀವೇ ಹೇಳಿದ ನಿಯಮ ಸರ್. ನಾನೂ ಚಪ್ಪಾಳೆ ಹೊಡೆದಿದ್ದೆ," ಎಂದರು ಮಿಸ್, ಬಹಳ ಗೌರವದಿಂದ.

ಸಾಹೇಬರು ಗೇಟಿನ ಸರಳುಗಳನ್ನು ಹಿಡಿದುಕೊಂಡು ಹೊರಗೇ ನಿಂತರು. ಮನೆಗೆ ಓಡಿ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಭಾಷಣ ಮುಗಿದೇ ಹೋಗುತ್ತಿತ್ತು. ಅಂಗಳದ ತುಂಬ ಎಣ್ಣೆ ಹಚ್ಚಿ ಬಾಚಿದ ಒಂದೇ ಥರದ ತಲೆಗಳು. ಅಷ್ಟು ದೂರದಿಂದ ಯಾರ ಮಗು ಯಾವುದೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಮೈಕಿನ ಹಿಂದೆ ಒಂದು ಕರಿ ಚೆಂಡು ಮೇಲೆದ್ದದ್ದು ಸಾಹೇಬರಿಗೆ ಸ್ಪಷ್ಟವಾಗಿ ಕಂಡಿತು. ಭಾಷಣದ ಪ್ರತಿ ಸಾಲನ್ನೂ ಅವರು ಇಲ್ಲಿಂದಲೇ ಜೊತೆಗೆ ಒಪ್ಪಿಸಿದರು. ಅವಳು ಎಲ್ಲೂ ತಡವರಿಸಲಿಲ್ಲ. ಅವರು ಎರಡು ಕಡೆ ತಡವರಿಸಿದರು.

ಪಕ್ಕದಲ್ಲಿದ್ದ ಕಾವಲುಗಾರನಿಗೆ ಕನಿಕರ ಬಂತು. "ಹೆತ್ತವರನ್ನೂ ಹೊರಗೆ ನಿಲ್ಲಿಸ್ತಾರೆ ನೋಡಿ ಸಾರ್. ಇಂಥ ನಿಯಮ ಮಾಡಿದೋನು ಯಾವನೋ!"

"ಯಾವನೋ ತಲೆ ಕೆಟ್ಟೋನು," ಎಂದರು ಸಾಹೇಬರು, ಪೈಜಾಮದ ತೂತಿಗೆ ಕೈ ಅಡ್ಡ ಹಿಡಿದುಕೊಂಡು.

ಕಾರ್ಯಕ್ರಮ ಮುಗಿದು ಹೆಂಡತಿ ಹೊರಗೆ ಬಂದಳು. ಹಿಂದೆಯೇ ಪುಟ್ಟಿಯ ಗೆಳತಿಯರ ಒಂದು ದಂಡು.

"ಅಂಕಲ್, ನಮಗೂ ಹೀಗೇ ಕತ್ತರಿಸ್ತೀರಾ?"

ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅವರ ಕಾಲು ನೋಡಿದಳು.

"ಮೊದಲು ನನ್ನ ಚಪ್ಪಲಿ ಬಿಚ್ಚಿ."